ಅಜ್ಜನ ಮಾತು, ಬ್ರೋಕರ್ ಮಾತು

“ಭೂಮಿ ಕಾಯೋದು, ತಣಿಯೋದು ಎಲ್ಲ ಪ್ರಕೃತಿಯ ಚಕ್ರ. ಇದರಲ್ಲಿ ಮನುಷ್ಯಂದೇನಿದೆ?”

ಈ ಮಾತನ್ನು ನಮ್ಮ ಕೊಡಗಿನ ಕಡೆ ಎರಡು ಥರದ ಜನ ಹೇಳುತ್ತಾರೆ. ಒಬ್ಬರು ನಮ್ಮ ಪಕ್ಕದ ತೋಟದ ಅಜ್ಜ. ಎಂಬತ್ತು ದಾಟಿದ್ದಾರೆ, ಇವತ್ತಿಗೂ ಮೋಡ ನೋಡಿಯೇ ಕಣದಲ್ಲಿ ಹರವಿದ ಕಾಫಿ ಮುಚ್ಚಿಸುತ್ತಾರೆ, ಮೊಬೈಲಿನಲ್ಲಿ ಹವಾಮಾನ ತೋರಿಸಿದರೆ ನಗುತ್ತಾರೆ. ಇನ್ನೊಬ್ಬ ಜಾಗದ ಬ್ರೋಕರ್. ಗುಡ್ಡದ ಬುಡವನ್ನು ನೆಟ್ಟಗೆ ಕೊರೆಸಿ, ಸೈಟ್ ಮಾಡಿ, ‘ವ್ಯೂ ಚೆನ್ನಾಗಿದೆ ಸಾರ್’ ಎಂದು ಬೆಂಗಳೂರಿನವರಿಗೆ ತೋರಿಸುವವನು. ಇಬ್ಬರದ್ದೂ ಒಂದೇ ವಾಕ್ಯ. ಅಜ್ಜ ಅದನ್ನು ಕಂಡು ಹೇಳುತ್ತಾರೆ, ಬ್ರೋಕರ್ ಬೇಕಾಗಿ ಹೇಳುತ್ತಾನೆ. ಹಾಗಾಗಿ ಅಜ್ಜನಿಗೆ ಮೊದಲು ಉತ್ತರ. ಬ್ರೋಕರನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಜ್ಜ ಹೇಳುವುದು ಹೀಗೆ: “ಏ ಮಗಾ, ಅರವತ್ತೊಂದರ ಮಳೆ ನೀನು ನೋಡಿಲ್ಲ. ಇಪ್ಪತ್ನಾಲ್ಕರದ್ದು ನಾನೂ ನೋಡಿಲ್ಲ, ನಮ್ಮಪ್ಪ ಹೇಳ್ತಿದ್ರು. ಆಗ ಎಷ್ಟು ಕಾರಿತ್ತು ಈ ರಸ್ತೆಲಿ?”

ಇದನ್ನು ತಳ್ಳಿಹಾಕಲು ಬರುವುದಿಲ್ಲ. 1924ರ ಜುಲೈಯಲ್ಲಿ ಬಂದ ನೆರೆಯನ್ನು ಗಡಿಯಾಚೆ ಕೇರಳದವರು ಇನ್ನೂ ‘ತೊಂಬತ್ತೊಂಬತ್ತರ ಪ್ರಳಯ’ ಎಂದೇ ಕರೆಯುತ್ತಾರೆ, ಅವರ ಕೊಲ್ಲಂ ಪಂಚಾಂಗದಲ್ಲಿ ಅದು 1099ನೇ ವರ್ಷ. ಅದೇ ಮಳೆಗೆ ಕಾವೇರಿಯೂ ಉಕ್ಕಿ ಹರಿದಿದ್ದಳು. ಮುಂಗಾರು ಎಂದೂ ಹೇಳಿದ ಹಾಗೆ ಕೇಳಿದ್ದೇ ಇಲ್ಲ. ಪೆಸಿಫಿಕ್ ಸಾಗರದಲ್ಲಿ ಎಲ್ ನಿನೊ ಎದ್ದರೆ, ಅಂದರೆ ಅಲ್ಲಿನ ನೀರು ಬೆಚ್ಚಗಾದರೆ, ಇಲ್ಲಿ ಜಡಿಮಳೆಯ ಕಕ್ಕಡ ತಿಂಗಳೂ (ಜುಲೈ-ಆಗಸ್ಟ್) ಒಣಗಬಹುದು. ಹಿಂದೂ ಮಹಾಸಾಗರದ ಪಶ್ಚಿಮದ ನೀರು ಪೂರ್ವಕ್ಕಿಂತ ಹೆಚ್ಚು ಬೆಚ್ಚಗಾದರೆ ಮಳೆ ಬಲವಾಗಬಹುದು. ಇವೆಲ್ಲ ನೈಸರ್ಗಿಕ ಏರಿಳಿತಗಳು, ಮನುಷ್ಯ ಕಲ್ಲಿದ್ದಲು ಅಗೆಯುವ ಮೊದಲಿಂದಲೂ ಇದ್ದವು. ಇಲ್ಲಿಯವರೆಗೆ ಅಜ್ಜನ ಮಾತಿಗೆ ನನ್ನದೂ ಹೌದು.

ಆದರೆ ಅಲ್ಲಿಂದ ಅವರು ‘ಆದ್ದರಿಂದ ಇದೂ ತನ್ನಷ್ಟಕ್ಕೇ ಆದದ್ದು’ ಎಂಬಲ್ಲಿಗೆ ಹಾರಿಬಿಡುತ್ತಾರೆ. ಮನುಷ್ಯ ಹುಟ್ಟುವ ಮೊದಲೂ ಕಾಡಿಗೆ ಬೆಂಕಿ ಬೀಳುತ್ತಿತ್ತು, ಸಿಡಿಲಿನಿಂದ. ಹಾಗೆಂದು ಫೆಬ್ರವರಿಯಲ್ಲಿ ಮೋಡದ ಸುಳಿವೂ ಇಲ್ಲದ ದಿನ ಗುಡ್ಡದ ನೆತ್ತಿಯಲ್ಲಿ ಹೊಗೆ ಎದ್ದರೆ ಫಾರೆಸ್ಟಿನವರು ಸಿಡಿಲನ್ನು ಬೈಯುತ್ತಾ ಕೂರುವುದಿಲ್ಲ, ಬೆಂಕಿಪೊಟ್ಟಣ ಹುಡುಕುತ್ತಾರೆ. ನಾವು ಕೇಳಬೇಕಾದ್ದೂ ಅಷ್ಟೇ. ಈ ಸಲ ಸಿಡಿಲು ಬಿದ್ದಿತ್ತೇ?

ಮೊದಲ ಅನುಮಾನ ಸೂರ್ಯನ ಮೇಲೆ. ಸೂರ್ಯನ ಶಾಖ ಸುಮಾರು 11 ವರ್ಷಕ್ಕೊಮ್ಮೆ ಒಂದಿಷ್ಟು ಏರಿ ಇಳಿಯುತ್ತದೆ. 1978ರಿಂದ ಉಪಗ್ರಹಗಳು ಅದನ್ನು ಬಿಡದೆ ಅಳೆಯುತ್ತಿವೆ. ಈ ಅವಧಿಯಲ್ಲಿ ಭೂಮಿಯ ಉಷ್ಣಾಂಶ ಏರುತ್ತಲೇ ಹೋಗಿದೆ, ಸೂರ್ಯನ ಬಿಸಿ ಏರಿಲ್ಲ. ಇದಕ್ಕಿಂತ ನನಗೆ ಹಿಡಿಸಿದ ಸಾಕ್ಷಿ ಇನ್ನೊಂದಿದೆ. ಸೂರ್ಯನೇ ಕಾರಣ ಆಗಿದ್ದರೆ ವಾತಾವರಣ ಬುಡದಿಂದ ತುದಿಯವರೆಗೂ ಕಾಯಬೇಕಿತ್ತು. ಆಗಿರುವುದು ಬೇರೆ. ನಾವು ಉಸಿರಾಡುವ ಕೆಳಗಿನ ಪದರ ಬಿಸಿಯಾಗಿದೆ, ಅದರ ಮೇಲಿನ ಸ್ಟ್ರಾಟೋಸ್ಫಿಯರ್ ತಣ್ಣಗಾಗಿದೆ. ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ಹೀಗೇ ಆಗಬೇಕು ಎಂದು ಹವಾಮಾನ ವಿಜ್ಞಾನಿ ಸ್ಯುಕುರೊ ಮನಾಬೆ 1967ರಲ್ಲೇ, ಸಹೋದ್ಯೋಗಿಯೊಬ್ಬರ ಜೊತೆ, ಲೆಕ್ಕ ಹಾಕಿ ತೋರಿಸಿದ್ದರು. ಉಪಗ್ರಹ ಅದನ್ನು ಅಳೆಯಲು ಶುರು ಮಾಡುವುದಕ್ಕೆ ಹತ್ತು ವರ್ಷಕ್ಕೂ ಮೊದಲು! 2021ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಮಳೆ ಬಂದ ಮೇಲೆ ‘ನಾನು ಹೇಳಿರಲಿಲ್ವಾ’ ಎನ್ನುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಬರುವ ಮೊದಲೇ ಹೇಳಿದವರ ಮಾತಿಗೆ ತೂಕ ಜಾಸ್ತಿ.

ಎರಡನೆಯದು ಭೂಮಿಯ ಕಕ್ಷೆ ಮತ್ತು ವಾಲುವಿಕೆ. ‘ಪ್ರಕೃತಿ ಚಕ್ರ’ ಎನ್ನುವವರಿಗೆ ಗೊತ್ತಿರಲಿ ಬಿಡಲಿ, ಅವರು ಹೇಳುತ್ತಿರುವುದು ಇದನ್ನೇ. ಸರ್ಬಿಯಾದ ಮಿಲುಟಿನ್ ಮಿಲಾಂಕೊವಿಚ್ ಇದರ ಗಣಿತ ಮಾಡಿದವರು. ಭೂಮಿಯ ವಾಲುವಿಕೆ ಸುಮಾರು 41,000 ವರ್ಷಕ್ಕೊಮ್ಮೆ, ಕಕ್ಷೆಯ ಆಕಾರ ಸುಮಾರು 1,00,000 ವರ್ಷಕ್ಕೊಮ್ಮೆ ಬದಲಾಗುತ್ತದೆ, ಹಿಮಯುಗಗಳು ಬಂದು ಹೋದದ್ದು ಈ ತಾಳಕ್ಕೆ. ಚಕ್ರ ಇರುವುದು ನಿಜ. ಆದರೆ ಅದರ ವೇಗ ನೋಡಿ. ಕಳೆದ ಹಿಮಯುಗದಿಂದ ಹೊರಬರುವಾಗ ಭೂಮಿ ಐದು ಡಿಗ್ರಿಯಷ್ಟು ಬೆಚ್ಚಗಾಗಲು ಸಾವಿರಾರು ವರ್ಷ ಹಿಡಿಯಿತು. ಈಗ 1970ರಿಂದ ಈಚೆಗೇ ಸುಮಾರು ಒಂದು ಡಿಗ್ರಿ ಏರಿದೆ. ಮೇಲಾಗಿ ಆ ಚಕ್ರದ ಪ್ರಕಾರ ನಾವೀಗ ನಿಧಾನವಾಗಿ ತಣ್ಣಗಾಗುವ ಕಡೆ ಹೋಗಬೇಕಿತ್ತು. ಚಕ್ರವನ್ನು ನಂಬುವವರು ಅದು ಯಾವ ಕಡೆ ತಿರುಗುತ್ತಿದೆ ಎಂದೂ ನೋಡಬೇಡವೇ?

ಜ್ವಾಲಾಮುಖಿಯ ಕಥೆ ಚಿಕ್ಕದು. ಅವೆಲ್ಲ ಸೇರಿ ಉಗುಳುವ ಕಾರ್ಬನ್ ಡೈಆಕ್ಸೈಡ್ ಮನುಷ್ಯ ಬಿಡುವುದರ ಶೇಕಡ ಒಂದೂ ಆಗುವುದಿಲ್ಲ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಟುಬೊ ಸಿಡಿದಾಗ ಭೂಮಿ ಒಂದೆರಡು ವರ್ಷ ಸುಮಾರು ಅರ್ಧ ಡಿಗ್ರಿ ತಣ್ಣಗೇ ಆಗಿತ್ತು.

ಸಿಡಿಲಿಲ್ಲ, ಸರಿ. ಬೆಂಕಿಪೊಟ್ಟಣ ಸಿಕ್ಕಿತೇ? ಸಿಕ್ಕಿದೆ, ಬೆರಳಚ್ಚಿನ ಸಮೇತ. 1850ರ ದಶಕದಲ್ಲಿ ಬಿಳಿಯರು ಕೊಡಗಿನ ಕಾಡು ಕಡಿದು ಕಾಫಿ ತೋಟ ಎಬ್ಬಿಸುತ್ತಿದ್ದಾಗ, 1856ರಲ್ಲಿ, ಅಮೆರಿಕದ ಯೂನಿಸ್ ಫೂಟ್ ಎಂಬಾಕೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಗಾಳಿ ತುಂಬಿ ಬಿಸಿಲಿಗಿಟ್ಟು, ಕಾರ್ಬನ್ ಡೈಆಕ್ಸೈಡ್ ಇದ್ದದ್ದು ಹೆಚ್ಚು ಕಾಯುತ್ತದೆ ಎಂದು ಕಂಡಿದ್ದಳು. ‘ಇದೆಲ್ಲ ನಿನ್ನೆ ಮೊನ್ನೆ ಎನ್‌ಜಿಓದವರು ಹುಟ್ಟಿಸಿದ ಕಥೆ’ ಎನ್ನುವವರಿಗೆ ಈ ಇಸವಿ ಒಮ್ಮೆ ಹೇಳಿ ನೋಡಿ. ಆ ಅನಿಲದ ಪ್ರಮಾಣ ಕೈಗಾರಿಕೆಗಳ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಇತ್ತು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಶುರು ಮಾಡಿದಾಗ 315ರ ಆಸುಪಾಸು. ಈಗ 420 ದಾಟಿದೆ. ಅಂಟಾರ್ಕ್ಟಿಕಾದ ಹಿಮದೊಳಗೆ ಸಿಕ್ಕಿಬಿದ್ದ ಹಳೆಯ ಗಾಳಿಗುಳ್ಳೆಗಳು 8 ಲಕ್ಷ ವರ್ಷದ ಲೆಕ್ಕ ಕೊಡುತ್ತವೆ. ಅಷ್ಟೂ ಕಾಲದಲ್ಲಿ ಅದು 300ರ ಮೇಲೆ ಹೋದದ್ದಿಲ್ಲ ಎನ್ನಬಹುದು.

ಈ ಹೆಚ್ಚುವರಿ ಇಂಗಾಲ ಎಲ್ಲಿಂದ ಬಂತೆಂದು ಹೇಗೆ ಗೊತ್ತು? ಇದು ಕೇಳಲೇಬೇಕಾದ ಪ್ರಶ್ನೆ, ಉತ್ತರವೂ ಸೊಗಸಾಗಿದೆ. ಇಂಗಾಲದಲ್ಲಿ ಹಗುರದ್ದು, ಭಾರದ್ದು ಎಂದು ವಿಧಗಳಿವೆ. ಗಿಡಮರಗಳು ಹಗುರದ್ದನ್ನೇ ಹೆಚ್ಚು ಹೀರುತ್ತವೆ. ಇಂಗಾಲ-14 ಎಂಬ ಇನ್ನೊಂದು ವಿಧ ಸುಮಾರು 5,730 ವರ್ಷಕ್ಕೆ ಅರ್ಧದಷ್ಟು ನಶಿಸುತ್ತದೆ. ಕಲ್ಲಿದ್ದಲು, ಪೆಟ್ರೋಲ್ ಎಂದರೆ ಕೋಟ್ಯಂತರ ವರ್ಷ ನೆಲದಡಿ ಹೂತಿದ್ದ ಜೀವರಾಶಿ. ಅದರಲ್ಲಿ ಇಂಗಾಲ-14 ಒಂದಿಷ್ಟೂ ಉಳಿದಿರುವುದಿಲ್ಲ. ಅದನ್ನು ಸುಡುತ್ತಾ ಹೋದರೆ ಗಾಳಿಯಲ್ಲಿ ಹಗುರ ಇಂಗಾಲದ ಪಾಲು ಏರಬೇಕು, ಇಂಗಾಲ-14ರ ಪಾಲು ತೆಳುವಾಗಬೇಕು. ವಿಜ್ಞಾನಿ ಹಾನ್ಸ್ ಸ್ಯೂಸ್ 1955ರಲ್ಲೇ ಮರದ ಉಂಗುರಗಳಲ್ಲಿ ಈ ತೆಳುವಾಗುವಿಕೆಯನ್ನು ತೋರಿಸಿದ್ದರು. ಸಮುದ್ರದಿಂದ ಬಂದಿರಬಹುದಲ್ಲ ಎಂದರೆ ಅದೂ ಇಲ್ಲ. ಸಮುದ್ರ ನಾವು ಬಿಟ್ಟದ್ದರಲ್ಲಿ ಕಾಲು ಭಾಗವನ್ನು ತಾನೇ ಹೀರಿಕೊಳ್ಳುತ್ತಿದೆ. ಇಷ್ಟೆಲ್ಲ ಆದ ಮೇಲೆ ಕಾರಣ ಮನುಷ್ಯನೋ ಪ್ರಕೃತಿಯೋ ಎಂದು ಟಿವಿಯಲ್ಲಿ ಆ ಕಡೆ ಒಬ್ಬ ಈ ಕಡೆ ಒಬ್ಬನನ್ನು ಕೂರಿಸಿ ಚರ್ಚೆ ಮಾಡಿಸುವುದು ನನಗೆ ಕಾಲಹರಣದಂತೆ ಕಾಣುತ್ತದೆ.

ಇನ್ನು ನಮ್ಮ ಊರಿಗೆ ಬರೋಣ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇಕಡ 7ರಷ್ಟು ಹೆಚ್ಚು ತೇವ ಹಿಡಿದಿಡಬಲ್ಲದು. ಅರಬ್ಬೀ ಸಮುದ್ರವೂ ಬೆಚ್ಚಗಾಗುತ್ತಿದೆ. ಹಿಡಿದದ್ದನ್ನು ಒಂದೇ ಸಲ ಸುರಿಯುತ್ತದೆ. 2024ರ ಜುಲೈ 30ರಂದು ನಮ್ಮ ಬೆನ್ನಿಗೇ ಇರುವ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವಲ್ಲ, ಆ ಮಳೆಯ ಬಿರುಸನ್ನು ಹವಾಮಾನ ಬದಲಾವಣೆ ಸುಮಾರು ಶೇಕಡ 10ರಷ್ಟು ಹೆಚ್ಚಿಸಿತ್ತು ಎಂದು ವಿಜ್ಞಾನಿಗಳ ತಂಡವೊಂದು ಲೆಕ್ಕ ಕೊಟ್ಟಿತು. ಗಮನಿಸಿ, ಮಳೆಯನ್ನೇ ಸೃಷ್ಟಿಸಿತು ಎಂದಲ್ಲ. ಬರುವ ಮಳೆಯ ಮೇಲೆ ಇನ್ನಷ್ಟು ಹೇರಿತು.

ಕಾಫಿಯವರಿಗೆ ಒಟ್ಟು ಮಳೆಗಿಂತ ಅದು ಬರುವ ದಿನ ಮುಖ್ಯ. ರೊಬಸ್ಟಾ ತಳಿಗೆ ಫೆಬ್ರವರಿ ಮಾರ್ಚಿನಲ್ಲಿ ಹೂ ಅರಳಿಸುವ ಹೂಮಳೆ, ಆಮೇಲೆ ಎರಡು ಮೂರು ವಾರದೊಳಗೆ ಕಾಯಿ ಕಟ್ಟಿಸುವ ಬ್ಯಾಕಿಂಗ್ ಮಳೆ. ಮೊದಲನೆಯದು ಬಂದು ಎರಡನೆಯದು ಕೈಕೊಟ್ಟರೆ ಹೂ ಕಂಡ ಕಣ್ಣಿಗೆ ಕಾಯಿ ಕಾಣುವುದಿಲ್ಲ. ಹಣ್ಣು ಇನ್ನೂ ಗಿಡದಲ್ಲಿರುವಾಗ ಜನವರಿಯಲ್ಲೇ ಮಳೆ ಹೊಡೆದರೆ ಅದೇ ರೆಂಬೆಯಲ್ಲಿ ಹೂವೂ ಹಣ್ಣೂ, ಕೊಯ್ಯುವುದು ಹೇಗೆ? ಕಣದಲ್ಲಿದ್ದದ್ದಕ್ಕೆ ಬೂಸು. ‘ಏನೂ ಬದಲಾಗಿಲ್ಲ’ ಎಂದು ವಾದಿಸುವ ನಮ್ಮ ಪ್ಲಾಂಟರ್ ಮಿತ್ರರೇ ತೋಟದಲ್ಲಿ ಹೊಸ ಕೆರೆ ತೋಡಿಸಿ, ಸ್ಪ್ರಿಂಕ್ಲರಿಗೆ ಸಾಲ ಮಾಡಿ, ‘ಹೂಮಳೆ ನಂಬೋಕಾಗಲ್ಲ ಮಾರಾಯ’ ಎನ್ನುತ್ತಾರೆ. ಬಾಯಿಗಿಂತ ಬ್ಯಾಂಕ್ ಪಾಸ್‌ಬುಕ್ ಸತ್ಯ ಹೇಳುತ್ತದೆ.

ಈಗ ಬ್ರೋಕರ್. ಅವನಿಗೆ ಈ ಎಲ್ಲ ವಿಜ್ಞಾನ ವಿವರಿಸಿದರೆ ಒಂದು ಕ್ಷಣವೂ ತಡವರಿಸುವುದಿಲ್ಲ. “ಹೌದಾ ಸಾರ್? ಹಾಗಾದ್ರೆ ಗ್ಲೋಬಲ್ ವಾರ್ಮಿಂಗ್. ಅದಕ್ಕೆ ನಾವೇನು ಮಾಡೋದು, ಚೀನಾ ಅಮೆರಿಕದವ್ರು ನೋಡ್ಕೋಬೇಕು.” ನನಗೆ ಸಿಟ್ಟು ಬರುವುದು ಇಲ್ಲಿ. ನಿನ್ನೆ ‘ಪ್ರಕೃತಿ ಚಕ್ರ’ ಮಾಡುತ್ತಿದ್ದ ಕೆಲಸವನ್ನು ಇವತ್ತು ‘ಹವಾಮಾನ ವೈಪರೀತ್ಯ’ ಮಾಡುತ್ತಿದೆ. ಎರಡರಲ್ಲೂ ಬರೆ (ಗುಡ್ಡದ ಇಳಿಜಾರು) ಕಡಿದ ಜೆಸಿಬಿಯ ಹೆಸರಿಲ್ಲ. ಇದು ಬ್ರೋಕರನೊಬ್ಬನ ಚಾಳಿಯಾಗಿದ್ದರೆ ಬಿಡಬಹುದಿತ್ತು, ವೇದಿಕೆ ಹತ್ತಿದವರೂ ಹೀಗೇ ಮಾತಾಡುತ್ತಾರೆ.

2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು ಕಡೆ ಗುಡ್ಡಗಳು ಕುಸಿದು ಏನಾಯಿತೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ವಿಪರೀತವೇ ಇತ್ತು, ಅದಕ್ಕೆ ಮೊದಲೇ ತಿಂಗಳುಗಟ್ಟಲೆ ಸುರಿದು ನೆಲ ನೀರು ಕುಡಿದು ಭಾರವಾಗಿತ್ತು. ಜೆಸಿಬಿ ಕಾಲಿಡದ ಕಡೆಯೂ ಕೆಲವು ಗುಡ್ಡ ಜಾರಿದವು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ರಸ್ತೆಗೆಂದು, ಹೋಂಸ್ಟೇಗೆಂದು ಇಳಿಜಾರಿನ ಕಾಲನ್ನೇ ಕತ್ತರಿಸಿದ ಕಡೆ, ನೀರು ಇಳಿದು ಹೋಗುತ್ತಿದ್ದ ಕೊಲ್ಲಿಗೆ (ಹಳ್ಳಕ್ಕೆ) ಮಣ್ಣು ತುಂಬಿದ ಕಡೆ, ಮೇಲಿಂದ ಬಂದ ಹೆಚ್ಚುವರಿ ಮಳೆಗೆ ದಾರಿ ಮಾಡಿಕೊಟ್ಟವರು ನಾವು. ಮರುವರ್ಷ ತೋರದಲ್ಲಿ ಗುಡ್ಡ ಕುಸಿಯಿತು, 2020ರಲ್ಲಿ ತಲಕಾವೇರಿಯ ಬೆಟ್ಟ. ಗದ್ದೆಗಳದ್ದೂ ಇದೇ ಕಥೆ. ಮಳೆಗಾಲದಲ್ಲಿ ನೀರು ನಿಲ್ಲಿಸಿ ನಿಧಾನಕ್ಕೆ ತೋಡಿಗೆ ಬಿಡುತ್ತಿದ್ದ ಗದ್ದೆ ಶುಂಠಿಯಾಯಿತು, ಆಮೇಲೆ ಪಾಳು ಬಿತ್ತು, ಆಮೇಲೆ ಲೇಔಟ್ ಆಯಿತು. ಹಲಸು, ಅತ್ತಿ, ನಂದಿ ಇದ್ದ ನೆರಳಿನ ಜಾಗಕ್ಕೆ ಸಿಲ್ವರ್ ಓಕ್ ಬಂತು, ಬೇಗ ಬೆಳೆಯುತ್ತದೆ, ಬೇಗ ಮಾರಬಹುದು ಎಂದು.

ಹೊಗೆಯ ಲೆಕ್ಕದಲ್ಲಿ ನಮ್ಮ ಪಾಲು ಕಡಿಮೆ ಎಂಬುದು ಸುಳ್ಳಲ್ಲ. ವರ್ಷಕ್ಕೆ ಒಬ್ಬ ಅಮೆರಿಕನ್ನನ ತಲೆಗೆ ಸುಮಾರು 14 ಟನ್ ಕಾರ್ಬನ್ ಡೈಆಕ್ಸೈಡ್ ಬಂದರೆ ಭಾರತೀಯನ ತಲೆಗೆ ಸುಮಾರು 2 ಟನ್. ಅವರು ಹೆಚ್ಚು ಹೊಣೆ ಹೊರಬೇಕು, ಅದನ್ನು ದೆಹಲಿಯವರು ಅಂತರರಾಷ್ಟ್ರೀಯ ಸಭೆಗಳಲ್ಲಿ ಗಟ್ಟಿಯಾಗಿ ಕೇಳಲಿ. ಆದರೆ ಮಳೆ ಬಿರುಸಾಗುತ್ತಿದೆ ಎಂದು ಗೊತ್ತಾದ ಮೇಲೂ ಇಳಿಜಾರು ಕಡಿಯುವುದಕ್ಕೆ ಅಮೆರಿಕ ಕಾರಣವಲ್ಲ. ಜಗತ್ತು ಬಿಸಿಯಾಗುತ್ತಿದೆ ಎಂಬ ಮಾತನ್ನು ಒಪ್ಪಿದವನು ಗುಡ್ಡಕ್ಕೆ ಮೊದಲಿಗಿಂತ ಹೆಚ್ಚು ಹೆದರಬೇಕು. ಒಪ್ಪಿಯೂ ಹೆದರದವನು ಒಪ್ಪಿಲ್ಲ ಅಂತಲೇ ನನ್ನ ಲೆಕ್ಕ.

ಕೊನೆಗೆ ಒಂದು ಕೆಲಸದ ಮಾತು. ನಮ್ಮಲ್ಲಿ ಎಷ್ಟೋ ತೋಟದ ಮನೆಗಳಲ್ಲಿ ಮಳೆ ಬರೆದಿಡುವ ಪುಸ್ತಕ ಇದೆ, ಇಂಚು ಮತ್ತು ಸೆಂಟಿನಲ್ಲಿ (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ). ಭಾಗಮಂಡಲದಲ್ಲಿ ವರ್ಷಕ್ಕೆ 200 ಇಂಚಿನ ಆಸುಪಾಸು ಸುರಿದರೆ ಕುಶಾಲನಗರದಲ್ಲಿ ಅದರ ಕಾಲುಭಾಗವೂ ಇಲ್ಲ, ಹಾಗಾಗಿ ಜಿಲ್ಲೆಯ ಸರಾಸರಿ ಅಂಕಿಯಿಂದ ನಮಗೆ ಏನೂ ತಿಳಿಯುವುದಿಲ್ಲ. ನಿಮ್ಮ ಮನೆಯಲ್ಲಿ ಅಜ್ಜ ಬರೆದದ್ದು, ಅಪ್ಪ ಬರೆದದ್ದು ಇದ್ದರೆ ಪುಟಗಳ ಫೋಟೊ ಕೆಳಗೆ ಹಾಕಿ. ತಿಂಗಳ ಒಟ್ಟು ಬೇಡ, ದಿನದಿನದ್ದು ಬೇಕು, ಒಂದೇ ದಿನ ಸುರಿದ ದೊಡ್ಡ ಮಳೆ ಅದರಲ್ಲಿ ಮಾತ್ರ ಕಾಣುತ್ತದೆ. ಊರಿನ ಹೆಸರು ಬರೆಯಿರಿ, ತೋಟದ ಹೆಸರು ಬೇಕಿಲ್ಲ. ಪುಟ ಗೆದ್ದಲು ಹಿಡಿದಿದ್ದರೂ ಪರವಾಗಿಲ್ಲ, ಓದಲು ಬಂದಷ್ಟು ಹಾಕಿ.