ಗೋಡೆ ಮೇಲಿನ ಸ್ಪ್ಲಿಟ್ ಎಸಿಗೇ ನನ್ನ ಓಟು

ಡೊಂಬಿವಿಲಿ ಇರಲಿ, ಮೀರಾ ರೋಡ್ ಇರಲಿ, ವಾಶಿ ಇರಲಿ, ಹೊಸ ಫ್ಲ್ಯಾಟಿನ ಕೀಲಿ ಕೈಗೆ ಬಂದ ಕೂಡಲೇ ಇಂಟೀರಿಯರ್‌ನವರು ತೋರಿಸುವ ತ್ರೀಡಿ ಚಿತ್ರಗಳಲ್ಲಿ ಈಗ ಎಸಿ ಕಾಣಿಸುವುದೇ ಇಲ್ಲ. ಸೀಲಿಂಗಿನ ಅಂಚಿಗೆ ಒಂದು ಉದ್ದನೆಯ ಜಾಲರಿ, ಅಷ್ಟೇ. ಯಂತ್ರ ಫಾಲ್ಸ್ ಸೀಲಿಂಗಿನ ಒಳಗೆ, ಗಾಳಿ ಡಕ್ಟಿನ, ಅಂದರೆ ದೊಡ್ಡ ಗಾಳಿಕೊಳವೆಯ ಮೂಲಕ. ಗೋಡೆಗೆ ಡಬ್ಬ ನೇತುಹಾಕಿದರೆ ಲುಕ್ ಕೆಡುತ್ತದೆ ಎಂಬುದು ಅವರ ವಾದ. ದೊಡ್ಡ ಬಂಗಲೆಗೆ, ಆಫೀಸಿಗೆ ಡಕ್ಟ್ ಸರಿ. ನಮ್ಮ ಒಂದು-ಎರಡು ಬೆಡ್‌ರೂಮಿನ ಮನೆಗಳಿಗೆ ಅದು ದುಬಾರಿ ತಪ್ಪು ಎಂದೇ ನನ್ನ ಅಭಿಪ್ರಾಯ. ಒಳಗೆ ಗೋಡೆಗೊಂದು ಡಬ್ಬ (ಇಂಡೋರ್), ಹೊರಗೊಂದು ಡಬ್ಬ (ಔಟ್‌ಡೋರ್), ನಡುವೆ ಪೈಪು ಇರುವ ಸ್ಪ್ಲಿಟ್ ಎಸಿಯೇ ನಮಗೆ ಸರಿ.

ಮೊದಲು ಎತ್ತರದ ಲೆಕ್ಕ. ಮುಂಬಯಿಯ ಸಾಮಾನ್ಯ ಫ್ಲ್ಯಾಟಿನಲ್ಲಿ ನೆಲದಿಂದ ಸ್ಲ್ಯಾಬಿಗೆ ಒಂಬತ್ತು, ಹೆಚ್ಚೆಂದರೆ ಒಂಬತ್ತೂವರೆ ಅಡಿ. ಡಕ್ಟ್ ಯೂನಿಟ್ಟು, ಅದರ ಹ್ಯಾಂಗರು, ನೀರಿನ ಪೈಪಿನ ಇಳಿಜಾರು ಎಲ್ಲ ಸೇರಿ ಹತ್ತು-ಹನ್ನೆರಡು ಇಂಚು ನುಂಗುತ್ತದೆ. ಫ್ಯಾನು ತಲೆಯ ಹತ್ತಿರ ಬರುತ್ತದೆ, ಇಲ್ಲವೇ ಫ್ಯಾನೇ ಬೇಡ ಅನ್ನುತ್ತಾರೆ. ಎಸಿಯನ್ನು 26ರಲ್ಲಿಟ್ಟು ಫ್ಯಾನ್ ಹಾಕಿಕೊಂಡು ಮಲಗುವುದೇ ಕರೆಂಟ್ ಉಳಿಸುವ ಅತಿ ಸುಲಭದ ದಾರಿ. ಅದನ್ನೇ ಮುಚ್ಚಿಬಿಟ್ಟರೆ ಹೇಗೆ?

ಎರಡನೆಯದು, ರಾತ್ರಿ ಹನ್ನೊಂದಕ್ಕೆ ಮನೆಯಲ್ಲಿ ತಂಪು ಬೇಕಿರುವುದು ಒಂದೋ ಎರಡೋ ಕೋಣೆಗೆ. ಗೋಡೆಯ ಸ್ಪ್ಲಿಟ್ ಆದರೆ ಕೋಣೆಗೊಂದು ರಿಮೋಟು. ಅಜ್ಜಿಗೆ 27 ಬೇಕು, ಮೊಮ್ಮಗನಿಗೆ 24 ಬೇಕು, ಇಬ್ಬರಿಗೂ ಜಗಳವಿಲ್ಲ. ಒಂದೇ ಯಂತ್ರದಿಂದ ಎಲ್ಲ ಕೋಣೆಗೂ ಡಕ್ಟ್ ಎಳೆದರೆ ಯಾರೂ ಇಲ್ಲದ ಹಾಲನ್ನೂ ತಂಪು ಮಾಡುತ್ತ ಕೂರಬೇಕು. ಜೊತೆಗೆ ಡಕ್ಟಿನ ಜೋಡಣೆಗಳಲ್ಲಿ ತಣ್ಣನೆಯ ಗಾಳಿ ಸೋರುತ್ತದೆ, ಕಾದ ಸ್ಲ್ಯಾಬಿನ ಕೆಳಗೆ ಹಾದುಹೋಗುವಾಗ ಬಿಸಿಯಾಗುತ್ತದೆ. ಜುಲೈ ತಿಂಗಳಲ್ಲಿ ಡಕ್ಟಿನ ಇನ್ಸುಲೇಶನ್ ಎಲ್ಲಾದರೂ ಹರಿದಿದ್ದರೆ ಅಲ್ಲಿ ನೀರು ಬೆವರಿ ಬೂಷ್ಟು ಹಿಡಿಯುತ್ತದೆ, ಜಿಪ್ಸಮ್ ಸೀಲಿಂಗಿನಲ್ಲಿ ಹಳದಿ ಕಲೆ ಏಳುತ್ತದೆ. ಸ್ಪ್ಲಿಟ್ಟಿನ ಫಿಲ್ಟರನ್ನು ನೀವೇ ಸ್ಟೂಲ್ ಹತ್ತಿ ತೆಗೆದು ನಲ್ಲಿ ಕೆಳಗೆ ತೊಳೆಯಬಹುದು. ಡಕ್ಟಿನ ಒಳಗೆ ಯಾರು ಕೈ ಹಾಕುತ್ತಾರೆ?

ಗೋಡೆಗೆ ಹಾಕಿಸಿದ ಮೇಲೂ ಇಂಟೀರಿಯರ್‌ನವರ ಕಾಟ ತಪ್ಪುವುದಿಲ್ಲ. ಇಂಡೋರ್ ಯೂನಿಟ್ಟಿಗೆ ಪಟ್ಟಿಪಟ್ಟಿ ಮರದ ಮುಚ್ಚಳ ಮಾಡಿಕೊಡುತ್ತೇವೆ ಅನ್ನುತ್ತಾರೆ. ಆಗ ಹೊರಬಂದ ತಂಪು ಗಾಳಿ ಮರಕ್ಕೆ ಬಡಿದು ಮತ್ತೆ ಅದೇ ಯೂನಿಟ್ಟಿನೊಳಗೆ ಹೋಗುತ್ತದೆ. ಕೋಣೆ ತಣ್ಣಗಾಯಿತೆಂದು ಸೆನ್ಸರ್ ನಂಬುತ್ತದೆ, ಕಂಪ್ರೆಸರ್ ನಿಧಾನವಾಗುತ್ತದೆ, ನೀವು ಬೆವರುತ್ತಲೇ ಇರುತ್ತೀರಿ. ಇನ್ನೊಂದು ಅಪಾಯವೂ ಇದೆ: ಪ್ಲೈವುಡ್ ಮತ್ತು ಅಂಟಿನಿಂದ ಹೊರಡುವ ಆವಿ ತೇವದ ಜೊತೆ ಸೇರಿ ತಾಮ್ರದ ಕಾಯಿಲಿನಲ್ಲಿ (ತಂಪು ಮಾಡುವ ಗ್ಯಾಸ್ ಹರಿಯುವ ಸುರುಳಿ ಕೊಳವೆ) ಕಣ್ಣಿಗೆ ಕಾಣದಂಥ ಸಣ್ಣ ತೂತು ಕೊರೆಯಬಲ್ಲದು. ಮೇಲುಗಡೆ ಆರು ಇಂಚಾದರೂ ಬಯಲು ಬಿಡಿ, ಮುಂದೆ ಏನೂ ಅಡ್ಡ ಬೇಡ.

ಎಷ್ಟು ಟನ್? (ಟನ್ ಅಂದರೆ ಇಲ್ಲಿ ತೂಕವಲ್ಲ, ತಂಪು ಮಾಡುವ ಶಕ್ತಿಯ ಅಳತೆ.) ಎಲ್ಲರೂ ಎಡವುವುದು ಇಲ್ಲೇ. ಹತ್ತು ಅಡಿಗೆ ಹನ್ನೆರಡು ಅಡಿಯ ಬೆಡ್‌ರೂಮಿಗೆ ಒಂದು ಟನ್ ಸಾಕು. ಮೇಲಿನ ಮಹಡಿ, ಪಶ್ಚಿಮದ ಗೋಡೆ, ದೊಡ್ಡ ಗಾಜಿನ ಕಿಟಕಿ ಇದ್ದರೆ ಒಂದೂವರೆ. "ದೊಡ್ಡದು ತಗೊಂಡರೆ ಬೇಗ ತಂಪಾಗುತ್ತೆ ಸಾರ್" ಅನ್ನುವ ಅಂಗಡಿಯವರ ಮಾತು ಅರ್ಧ ನಿಜ. ಮುಂಬಯಿ, ಗೋವಾಗಳಲ್ಲಿ ನಮ್ಮ ಶತ್ರು ಬಿಸಿಲಿಗಿಂತ ತೇವ. 1902ರಲ್ಲಿ ವಿಲಿಸ್ ಕ್ಯಾರಿಯರ್ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕೆ ಈ ಯಂತ್ರದ ಮೂಲರೂಪವನ್ನು ಹಾಕಿಕೊಟ್ಟಿದ್ದೂ ತಂಪಿಗಾಗಿ ಅಲ್ಲ, ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂಡುತ್ತಿರಲಿಲ್ಲ ಎಂದು. ತೇವ ಇಳಿಯಬೇಕಾದರೆ ಕಾಯಿಲ್ ಸಾಕಷ್ಟು ಹೊತ್ತು ತಣ್ಣಗೆ ಇರಬೇಕು. ಇನ್ವರ್ಟರ್ ಕಂಪ್ರೆಸರ್ ವೇಗ ತಗ್ಗಿಸಿಕೊಂಡು ಓಡಬಲ್ಲದು ನಿಜ, ಆದರೆ ಅದಕ್ಕೂ ಒಂದು ತಳಮಟ್ಟವಿದೆ. ಸಣ್ಣ ಕೋಣೆಗೆ ದೊಡ್ಡ ಯಂತ್ರ ಹಾಕಿದರೆ ಅದು ಆ ಮಟ್ಟಕ್ಕೂ ಇಳಿದು, ಆಮೇಲೆ ನಿಂತು, ಮತ್ತೆ ಶುರುವಾಗುತ್ತದೆ. ನಿಂತಾಗ ಒಳಗಿನ ಬ್ಲೋವರ್ ತಿರುಗುತ್ತಲೇ ಇರುವುದರಿಂದ ಕಾಯಿಲಿನ ಮೇಲಿದ್ದ ನೀರು ಆವಿಯಾಗಿ ವಾಪಸ್ ಕೋಣೆಗೇ ಬರುತ್ತದೆ. 23 ಡಿಗ್ರಿ ತೋರಿಸುತ್ತಿದ್ದರೂ ಹಾಸಿಗೆ ತಣ್ಣಗೆ, ಜಿಗುಟಾಗಿ ಅನ್ನಿಸುವುದು ಇದಕ್ಕೇ. ಮಳೆಗಾಲದಲ್ಲಿ ರಿಮೋಟಿನ ಡ್ರೈ ಮೋಡ್ (ತೇವ ಇಳಿಸುವ ಸೆಟ್ಟಿಂಗ್) ಬಳಸಿ ನೋಡಿ.

ಸ್ಟಾರ್ ವಿಷಯದಲ್ಲಿ ನನ್ನ ಸಲಹೆ ಊರಿಗೆ ತಕ್ಕಂತೆ. ಬಿಇಇ (ಕೇಂದ್ರ ಸರಕಾರದ ವಿದ್ಯುತ್ ಉಳಿತಾಯ ಸಂಸ್ಥೆ) ಸ್ಟಾರ್ ಲೇಬಲ್ಲಿನ ಮೇಲೆ ಬರೆದಿರುವ ಕರೆಂಟಿನ ಯೂನಿಟ್ಟುಗಳು ವರ್ಷಕ್ಕೆ 1600 ಗಂಟೆ ಓಡಿಸಿದರೆ ಎಂಬ ಲೆಕ್ಕ. ಉದಾಹರಣೆಗೆ ಮೂರು ಸ್ಟಾರಿನದರ ಮೇಲೆ 1000, ಐದು ಸ್ಟಾರಿನದರ ಮೇಲೆ 800 ಇದೆ ಅಂದುಕೊಳ್ಳಿ. ಮುಂಬಯಿಯಲ್ಲಿ ದಿನಕ್ಕೆ ಎಂಟು ಗಂಟೆಯಂತೆ 250 ರಾತ್ರಿ ಓಡಿಸಿದರೆ 2000 ಗಂಟೆ, ವ್ಯತ್ಯಾಸ 250 ಯೂನಿಟ್. ಎಸಿಯ ಯೂನಿಟ್ಟುಗಳು ಯಾವಾಗಲೂ ಬಿಲ್ಲಿನ ಹೆಚ್ಚು ದರದ ಸ್ಲ್ಯಾಬಿಗೆ ಬೀಳುವುದರಿಂದ ಯೂನಿಟ್ಟಿಗೆ 12 ರೂಪಾಯಿ ಹಿಡಿದರೂ ವರ್ಷಕ್ಕೆ 3000 ಉಳಿಯಿತು. ಐದು ಸ್ಟಾರಿಗೆ ಕೊಟ್ಟ ಹೆಚ್ಚಿನ ದುಡ್ಡು ಮೂರು-ನಾಲ್ಕು ವರ್ಷಕ್ಕೆ ವಾಪಸ್. ಪುಣೆಯಲ್ಲಿ ಹಾಗಲ್ಲ. ಅಲ್ಲಿ ಏಪ್ರಿಲ್-ಮೇ ಬಿಸಿಲು ಒಣ ಬಿಸಿಲು, ಬಹಳಷ್ಟು ರಾತ್ರಿ ಕಿಟಕಿ ತೆರೆದರೆ ಸಾಕು, ನೀರಿನ ಕೂಲರೂ ಚೆನ್ನಾಗಿ ಕೆಲಸ ಮಾಡುತ್ತದೆ. ವರ್ಷಕ್ಕೆ 500 ಗಂಟೆ ಓಡಿದರೆ ಉಳಿಯುವುದು ಅರುವತ್ತು ಚಿಲ್ಲರೆ ಯೂನಿಟ್. ಕೊಥ್ರೂಡ್, ಪಿಂಪ್ರಿಯವರು ಮೂರು ಸ್ಟಾರ್ ಇನ್ವರ್ಟರ್ ತಗೊಂಡು ಉಳಿದ ದುಡ್ಡನ್ನು ಒಳ್ಳೇ ಪೈಪಿಗೆ ಹಾಕಿ.

ಪೈಪು ಅಂದೆ ನೋಡಿ, ನಿಜವಾದ ವಿಷಯ ಅದೇ. ಡಕ್ಟ್ ಇಲ್ಲದ ಎಸಿಯ ಲಾಭವೆಲ್ಲ ಎರಡು ತಾಮ್ರದ ಪೈಪು ಮತ್ತು ಒಂದು ನೀರಿನ ಪೈಪಿನ ಮೇಲೆ ನಿಂತಿದೆ. ನಲವತ್ತು ಸಾವಿರ ಕೊಟ್ಟು ಯಂತ್ರ ತರುವವರು ಕೂಡ ಪೈಪು ಹಾಕುವವನ ಹತ್ತಿರ ಐನೂರು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ಆನೆ ಕೊಂಡವನು ಅಂಕುಶಕ್ಕೆ ಜಗ್ಗಾಡಿದ ಹಾಗೆ.

ಒಂದೂವರೆ ಟನ್ನಿಗೆ ಸಾಮಾನ್ಯವಾಗಿ ಕಾಲು ಇಂಚು ಮತ್ತು ಅರ್ಧ ಇಂಚಿನ ಪೈಪು. ಡಬ್ಬದ ಜೊತೆ ಬರುವುದು ಸಾಮಾನ್ಯವಾಗಿ ಮೂರು ಮೀಟರ್. ಬಾಲ್ಕನಿಯಾಚೆ ಔಟ್‌ಡೋರ್ ಇದ್ದರೆ ಸಾಲದು, ಉಳಿದದ್ದು ನೀವು ಕೊಳ್ಳಬೇಕು. ಪೈಪಿನ ಗೋಡೆ ದಪ್ಪ 0.8 ಮಿಲಿಮೀಟರ್ ಇರುವ ತಾಮ್ರವನ್ನೇ ಕೇಳಿ. ತೆಳುವಾದದ್ದು ಫ್ಲೇರ್ ಮಾಡುವಾಗ, ಅಂದರೆ ಜೋಡಿಸಲು ತುದಿಯನ್ನು ಅಗಲಿಸುವಾಗ, ಸೀಳುತ್ತದೆ. ಎರಡೂ ಪೈಪಿಗೆ ಬೇರೆಬೇರೆ ಇನ್ಸುಲೇಶನ್ ಬೇಕು. ದಪ್ಪ ಪೈಪಿಗೆ ಮಾತ್ರ ಸಾಕು ಎಂಬುದು ಹಳೆಯ ಅಭ್ಯಾಸ. ಈಗಿನ ಸ್ಪ್ಲಿಟ್ಟುಗಳಲ್ಲಿ ಗ್ಯಾಸಿನ ಒತ್ತಡ ಇಳಿಸಿ ತಣ್ಣಗಾಗಿಸುವ ಎಕ್ಸ್‌ಪಾನ್ಶನ್ ಔಟ್‌ಡೋರಿನಲ್ಲೇ ಆಗುವುದರಿಂದ ಸಣ್ಣ ಪೈಪೂ ತಣ್ಣಗಿರುತ್ತದೆ, ಬೆವರುತ್ತದೆ, ಗೋಡೆ ಒದ್ದೆಯಾಗುತ್ತದೆ. ಉದ್ದ ಹೆಚ್ಚಾದರೆ ಗ್ಯಾಸೂ ಹೆಚ್ಚು ಬೇಕು. ಎಷ್ಟು ಮೀಟರಿನವರೆಗೆ ಕಂಪನಿ ತುಂಬಿದ್ದು ಸಾಕು, ಆಮೇಲೆ ಮೀಟರಿಗೆ ಎಷ್ಟು ಗ್ರಾಂ ಎಂಬುದು ಔಟ್‌ಡೋರಿನ ಸ್ಟಿಕ್ಕರಿನಲ್ಲಿ ಅಥವಾ ಇನ್‌ಸ್ಟಲೇಶನ್ ಪುಸ್ತಕದಲ್ಲಿ ಇರುತ್ತದೆ. ತೂಕದ ಯಂತ್ರ ಇಟ್ಟು ಹಾಕಬೇಕು, ಅಂದಾಜಿನಿಂದಲ್ಲ.

ಇನ್ನು ವ್ಯಾಕ್ಯೂಮ್, ಅಂದರೆ ಗ್ಯಾಸ್ ಬಿಡುವ ಮುಂಚೆ ಪೈಪಿನೊಳಗಿನ ಗಾಳಿ, ತೇವಗಳನ್ನು ಪಂಪಿನಿಂದ ಎಳೆದು ತೆಗೆಯುವುದು. ಏಪ್ರಿಲ್ ತಿಂಗಳ ಗಡಿಬಿಡಿಯಲ್ಲಿ ಬರುವ ಹುಡುಗ ದಿನಕ್ಕೆ ಐದಾರು ಮನೆ ಮುಗಿಸಬೇಕು. ಔಟ್‌ಡೋರಿನ ವಾಲ್ವ್ ಸ್ವಲ್ಪ ತಿರುಗಿಸಿ, ಒಳಗಿನ ಗ್ಯಾಸಿನಿಂದಲೇ ಪೈಪಿನ ಗಾಳಿಯನ್ನು ಪುಸ್ ಎಂದು ಹೊರತಳ್ಳಿ ನಟ್ ಬಿಗಿದುಬಿಡುತ್ತಾನೆ. ಎರಡು ನಿಮಿಷದ ಕೆಲಸ. ಎಸಿ ಅವತ್ತು ತಣ್ಣಗೂ ಆಗುತ್ತದೆ. ಆದರೆ ಪೈಪಿನ ಗೋಡೆಗೆ ಅಂಟಿದ ತೇವ ಹಾಗೇ ಉಳಿಯುತ್ತದೆ, ಕಂಪ್ರೆಸರಿನ ಎಣ್ಣೆ ಅದನ್ನು ಹೀರಿಕೊಂಡು ನಿಧಾನಕ್ಕೆ ಆಮ್ಲವಾಗುತ್ತದೆ. ಎರಡು-ಮೂರು ವರ್ಷದ ಮೇಲೆ ಕಂಪ್ರೆಸರ್ ಸುಟ್ಟಾಗ ಅದಕ್ಕೂ ಇದಕ್ಕೂ ನಂಟಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಸರಿಯಾದ ಕ್ರಮ ಹೀಗೆ: ಪಂಪ್ ಹಚ್ಚಿ ಕನಿಷ್ಠ ಇಪ್ಪತ್ತು ನಿಮಿಷ ಎಳೆಯಬೇಕು. ಒತ್ತಡ ಅಷ್ಟು ಇಳಿದಾಗ ಕೋಣೆಯ ಬಿಸಿಗೇ ನೀರು ಕುದಿದು ಆವಿಯಾಗಿ ಹೊರಹೋಗುತ್ತದೆ. ಮೈಕ್ರಾನ್ ಗೇಜ್ (ವ್ಯಾಕ್ಯೂಮ್ ಅಳೆಯುವ ಮೀಟರ್) ಇದ್ದರೆ 500ಕ್ಕಿಂತ ಕೆಳಗೆ ಬರಬೇಕು. ಆಮೇಲೆ ಪಂಪ್ ನಿಲ್ಲಿಸಿ ಹತ್ತು ನಿಮಿಷ ಮುಳ್ಳು ಏರುತ್ತದೆಯೋ ನೋಡಬೇಕು. ಏರುತ್ತಲೇ ಹೋದರೆ ಎಲ್ಲೋ ಸೋರಿಕೆ ಇದೆ, ಬಹುತೇಕ ಫ್ಲೇರಿನಲ್ಲೇ. ಈಗ ಹೆಚ್ಚಿನ ಯಂತ್ರಗಳಲ್ಲಿರುವುದು ಆರ್-32 ಗ್ಯಾಸ್. ಅದಕ್ಕೆ ಅಲ್ಪಸ್ವಲ್ಪ ಬೆಂಕಿ ಹಿಡಿಯುವ ಗುಣವೂ ಇರುವುದರಿಂದ ಮನೆಯೊಳಗೆ ಊದಿಸುವ ಆಟ ಬೇಡವೇ ಬೇಡ.

ಬಿಲ್ಡರ್ ಗೋಡೆಯೊಳಗೆ ಮೊದಲೇ ಪೈಪು ಹುದುಗಿಸಿ ಕೊಟ್ಟಿದ್ದರೆ ಖುಷಿಪಡಬೇಡಿ. ನೈಟ್ರೋಜನ್ ತುಂಬಿಸಿ 400 ಪಿಎಸ್‌ಐ ಒತ್ತಡದಲ್ಲಿ ಒಂದು ರಾತ್ರಿ ಬಿಟ್ಟು ಮುಳ್ಳು ಇಳಿದಿಲ್ಲ ತಾನೇ ನೋಡಿ, ಆಮೇಲೆ ಪೇಂಟ್ ಹೊಡೆಸಿ.

ನೀರಿನ ಪೈಪು ಕಡೆಗಣಿಸುವಂಥದ್ದಲ್ಲ. ಮಳೆಗಾಲದಲ್ಲಿ ಒಂದೂವರೆ ಟನ್ ಯಂತ್ರ ಗಂಟೆಗೆ ಒಂದು ಲೀಟರಿಗೂ ಹೆಚ್ಚು ನೀರು ಇಳಿಸಬಲ್ಲದು. ಮೀಟರಿಗೆ ಒಂದು ಸೆಂಟಿಮೀಟರ್ ಆದರೂ ಇಳಿಜಾರು ಬೇಕು, ಗೋಡೆಯ ತೂತು ಹೊರಕ್ಕೆ ವಾಲಿರಬೇಕು, ನಡುವೆ ಪೈಪು ಜೋತು ಬೀಳಬಾರದು, ತುದಿ ಬಕೆಟಿನ ನೀರಿನಲ್ಲಿ ಮುಳುಗಬಾರದು. ಮುಳುಗಿದರೆ ಗಾಳಿ ಕಟ್ಟಿ ನೀರು ಮಂಚದ ಮೇಲೆ. ಕೆಳಗಿನ ಮನೆಯವರ ಛಜ್ಜಾದ ಮೇಲೆ ಟಪ್ ಟಪ್ ಬೀಳಿಸಿದರೆ ಸೊಸೈಟಿ ಮೀಟಿಂಗಿನಲ್ಲಿ ಏನಾಗುತ್ತದೆಂದು ನಾನು ಹೇಳಬೇಕಿಲ್ಲ.

ಔಟ್‌ಡೋರನ್ನು ಟಾಯ್ಲೆಟ್ ಪೈಪುಗಳಿರುವ ಇಕ್ಕಟ್ಟಿನ ಶಾಫ್ಟಿನಲ್ಲಿ ಇಡಿಸುವ ಸೊಸೈಟಿಗಳಿವೆ, ಮುಂಭಾಗ ಚೆಂದ ಕಾಣಲಿ ಎಂದು. ಹತ್ತು ಮಹಡಿಯ ಬಿಸಿಗಾಳಿ ಒಂದೇ ಬಾವಿಯಲ್ಲಿ ಮೇಲೇರುತ್ತದೆ, ಮೇಲಿನ ಮನೆಯವರ ಯಂತ್ರ ಮಧ್ಯಾಹ್ನ ಟ್ರಿಪ್ ಆಗುತ್ತದೆ. ಚರಂಡಿಯ ಆವಿ ತಾಮ್ರವನ್ನು ಕಪ್ಪಾಗಿಸಿ ತಿನ್ನುವುದು ಬೇರೆ. ಗಲೀಜು ನಾಲೆ, ಖಾಡಿಯ (ಸಮುದ್ರದ ಹಿನ್ನೀರಿನ) ಪಕ್ಕದ ಮನೆಗಳಿಗೂ ಇದೇ ತೊಂದರೆ. ಕೋಟಿಂಗ್ ಇರುವ ಕಾಯಿಲ್ ಕೇಳಿ, ವಾರಂಟಿಯಲ್ಲಿ ತುಕ್ಕು-ಸವೆತವನ್ನು ಹೊರಗಿಟ್ಟಿದ್ದಾರೆಯೇ ಎಂದು ಓದಿ. ಹಿಂದೆ ಅರ್ಧ ಅಡಿ, ಮುಂದೆ ಎರಡು-ಮೂರು ಅಡಿ ಬಯಲು ಇರಲಿ. ಸರ್ವಿಸಿನ ಹುಡುಗ ಗೋಡೆಗೆ ನೇತಾಡದೆ ಕೈಗೆಟಕುವ ಜಾಗ ಆರಿಸಿ, ಜೀವದ ಪ್ರಶ್ನೆ ಅದು.

ಗೋವಾದವರಿಗೆ ಎರಡು ಮಾತು. ಕಲಂಗುಟ್, ಕೋಲ್ವಾ ಕಡೆ ಉಪ್ಪುಗಾಳಿಗೆ ಕಬ್ಬಿಣದ ಸ್ಟ್ಯಾಂಡ್ ಬೇಗ ಉದುರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಿಸಿ, ತಿಂಗಳಿಗೊಮ್ಮೆ ಸ್ವಿಚ್ ಆರಿಸಿ ಔಟ್‌ಡೋರಿನ ಮೇಲೆ ಸಿಹಿನೀರು ಹಾಯಿಸಿ. ಹಳೆಯ ಮಂಗಳೂರು ಹೆಂಚಿನ ಮನೆಗಳಲ್ಲಿ ಡಕ್ಟ್ ಎಳೆಯಲು ದಾರಿಯೇ ಇಲ್ಲ, ಸ್ಪ್ಲಿಟ್ ಸಲೀಸು. ಆದರೆ ಮೊದಲು ಎಸಿ ಹಾಕುವ ಆ ಒಂದು ಕೋಣೆಗೆ ಹೆಂಚಿನ ಕೆಳಗೆ ಸೀಲಿಂಗ್ ಹೊಡೆಸಿ. ಇಲ್ಲದಿದ್ದರೆ ತಂಪೆಲ್ಲ ಹೆಂಚಿನ ಸಂದಿಯಿಂದ ಆಕಾಶಕ್ಕೆ.

ಸ್ಪ್ಲಿಟ್ಟಿನ ಒಂದು ಕೊರತೆಯನ್ನು ಒಪ್ಪಲೇಬೇಕು. ಅದು ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಇದ್ದದ್ದನ್ನೇ ಸುತ್ತಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಮೂವರು ಮಲಗಿದರೆ ಬೆಳಿಗ್ಗೆ ತಲೆ ಭಾರ. ಬಾತ್‌ರೂಮಿನ ಬಾಗಿಲು ಸ್ವಲ್ಪ ಓರೆ ಮಾಡಿ, ಮಲಗುವ ಮುಂಚೆ ಹತ್ತು ನಿಮಿಷ ಕಿಟಕಿ ತೆಗೆದಿಡಿ. ಒಂದೇ ಔಟ್‌ಡೋರಿಗೆ ಮೂರು ಇಂಡೋರ್ ಕೂಡಿಸುವ ಮಲ್ಟಿ ಸ್ಪ್ಲಿಟ್ ಜಾಗವಿಲ್ಲದವರಿಗೆ ಮಾತ್ರ. ಅದು ಕೆಟ್ಟರೆ ಇಡೀ ಮನೆ ಬೆವರುತ್ತದೆ.

ಪ್ರತಿ ವರ್ಷ "ಗ್ಯಾಸ್ ಕಮ್ಮಿ ಆಗಿದೆ" ಎಂದು ದುಡ್ಡು ಕೀಳುವವರನ್ನು ನಂಬಬೇಡಿ. ಸ್ಕೂಟರಿನ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ ಅದು. ಕಮ್ಮಿಯಾಗಿದ್ದರೆ ಸೋರುತ್ತಿದೆ ಎಂದೇ ಅರ್ಥ. ಸಾಬೂನು ನೊರೆ ಹಚ್ಚಿ ಗುಳ್ಳೆ ಎಲ್ಲೇಳುತ್ತದೆ ತೋರಿಸು, ಮೊದಲು ಅದನ್ನು ಸರಿಮಾಡು, ಆಮೇಲೆ ಗ್ಯಾಸ್ ಎನ್ನಿ.

ಹಾಕಿಸುವುದಿದ್ದರೆ ಜನವರಿ-ಫೆಬ್ರವರಿಯಲ್ಲೇ ಹಾಕಿಸಿ, ಕೆಲಸದವರಿಗೆ ಪುರಸೊತ್ತಿರುತ್ತದೆ. ಬುಕ್ ಮಾಡುವಾಗ ಫೋನಿನಲ್ಲೇ ಕೇಳಿಬಿಡಿ: "ಭಾಯ್, ವ್ಯಾಕ್ಯೂಮ್ ಪಂಪ್ ಲೇಕೆ ಆವೋಗೆ ನಾ?" ಆ ಕಡೆಯಿಂದ "ಉಸ್ಕಿ ಜರೂರತ್ ನಹೀ ಸಾಬ್" (ಅದೆಲ್ಲ ಬೇಡ ಸಾರ್) ಅಂತ ಬಂದರೆ ಇನ್ನೊಬ್ಬರನ್ನು ಹುಡುಕಿ. ಪಂಪ್ ತರುತ್ತೇನೆ ಅಂದವನಿಗೆ ಮುನ್ನೂರು ಹೆಚ್ಚು ಕೊಟ್ಟು, ಚಹಾ ಕುಡಿಸಿ, ಇಪ್ಪತ್ತು ನಿಮಿಷ ಗಡಿಯಾರ ನೋಡುತ್ತ ಪಕ್ಕದಲ್ಲೇ ನಿಂತಿರಿ.