ವೊಬರ್ನ್ ವಾಕ್ ಅಂಗಡಿಗಳು 1822ರ ಮುಖವನ್ನೇ ಹೊತ್ತಿರಬೇಕೇ?

ಪರ: ಒಂದು ಹಲ್ಲು ಬಿದ್ದರೂ ನಗು ಕೆಡುತ್ತದೆ

ಲಂಡನ್ನಿನ ಟ್ಯಾವಿಸ್ಟಾಕ್ ಸ್ಕ್ವೇರಿನಲ್ಲಿರುವ ಗಾಂಧಿ ಪ್ರತಿಮೆಯಿಂದ ಕೆಲವೇ ನಿಮಿಷ ನಡೆದರೆ ವೊಬರ್ನ್ ವಾಕ್ ಸಿಗುತ್ತದೆ. ಥಾಮಸ್ ಕ್ಯೂಬಿಟ್ 1822ರಲ್ಲಿ ಕಟ್ಟಿದ, ನಡೆದು ಹೋಗುವವರಿಗಷ್ಟೇ ಮೀಸಲಾದ ಪುಟ್ಟ ಬೀದಿ ಇದು. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಗಳ ಕಪ್ಪು ಚೌಕಟ್ಟಿನ ಕಿಟಕಿಗಳು ಉಂಡು ಎದ್ದ ಯಜಮಾನರಂತೆ ಹೊಟ್ಟೆಯನ್ನು ತುಸು ಮುಂದೆ ಮಾಡಿ ನಿಂತಿವೆ.

ಆ ಹೊಟ್ಟೆಗೂ ಕಾನೂನಿನ ಪಟ್ಟಿ ಇತ್ತು. 1774ರ ಲಂಡನ್ ಕಟ್ಟಡ ಕಾಯಿದೆಯಂತೆ ಅಂಗಡಿಯ ಕಿಟಕಿ ಅಗಲ ಬೀದಿಯಲ್ಲೂ 10 ಇಂಚಿಗಿಂತ ಹೆಚ್ಚು ಚಾಚುವಂತಿರಲಿಲ್ಲ. ಇಕ್ಕಟ್ಟಿನ ಬೀದಿಯಲ್ಲಿ ಅದಕ್ಕೂ ಕಡಿಮೆ. ಗಾಜು ಚಿಕ್ಕ ಚಿಕ್ಕ ಚೌಕಗಳಲ್ಲಿರುವುದು ಅಂದಕ್ಕೆ ಮಾತ್ರವಲ್ಲ. ಅಂದಿನ ಕುಲುಮೆಗಳಲ್ಲಿ ಕಿಟಕಿಯ ಗಾಜನ್ನು ಊದಿ, ಗರಗರ ತಿರುಗಿಸಿ ತಟ್ಟೆಯಾಗಿಸಿ, ಆ ತಟ್ಟೆಯಿಂದ ತುಂಡುಗಳನ್ನು ಕತ್ತರಿಸುತ್ತಿದ್ದರು. ಜೊತೆಗೆ ಗಾಜಿನ ಮೇಲೆ ಸುಂಕ. ಅದು 1845ರಲ್ಲಿ ರದ್ದಾದ ಮೇಲೆ ದೊಡ್ಡ ಹಾಳೆಗಾಜು ಅಗ್ಗವಾಯಿತು. ಲಂಡನ್ನಿನ ವ್ಯಾಪಾರಿಗಳು ಹಳೆಯ ಕಿಟಕಿಗಳನ್ನು ಕಿತ್ತೊಗೆದು ಅದನ್ನು ಕೂರಿಸಿದರು. ಜಾರ್ಜಿಯನ್, ಅಂದರೆ ಜಾರ್ಜ್ ದೊರೆಗಳ ಕಾಲದ, ಅಂಗಡಿಮುಖಗಳಲ್ಲಿ ಬಹುಪಾಲು ಹೋದದ್ದು ಹೀಗೆ. ಆದ್ದರಿಂದ ಇಲ್ಲಿ ಉಳಿದಿರುವುದು ಮರದ ಕೆತ್ತನೆ ಮಾತ್ರವಲ್ಲ; ಒಂದು ಕಾಲದ ಕಾಯಿದೆ, ತೆರಿಗೆ, ಕುಲುಮೆ ಮೂರೂ ಕಣ್ಣಿಗೆ ಕಾಣುವಂತೆ ಉಳಿದಿವೆ.

ಸಾಲುಕಟ್ಟಡದ ಚೆಲುವಿರುವುದು ಸಾಲಿನಲ್ಲೇ. ಬಿಡಿಯಾಗಿ ನೋಡಿದರೆ ಒಂದೊಂದು ಅಂಗಡಿಯೂ ಸಾಧಾರಣ. ಒಬ್ಬ ಮಾಲೀಕ ತನ್ನ ಪಾಲಿಗೆ ಅಗಲವಾದ ಗಾಜು, ಹೊಳೆಯುವ ಫಲಕ ಹಾಕಿಕೊಂಡರೆ ಅವನಿಗೆ ಲಾಭ, ಅಕ್ಕಪಕ್ಕದವರಿಗೆಲ್ಲ ನಷ್ಟ. ಎರಡನೇ ದರ್ಜೆಯ ನಕ್ಷತ್ರಾಂಕಿತ (Grade II*, ಅಂದರೆ ವಿಶೇಷ ಮಹತ್ವದ) ಸಂರಕ್ಷಿತ ಕಟ್ಟಡ ಎಂಬ ಪಟ್ಟ ಇದನ್ನು ಕಾಯುತ್ತಿದೆ. ಆ ಕಾವಲು ಸಡಿಲವಾಗಬಾರದು.

ವಿರೋಧ: ವೇಷಕ್ಕೆ ಕಾವಲೇಕೆ?

ಗೋಡೆಯಿಂದಲೇ ಶುರುಮಾಡೋಣ. ಆ ಬಿಳಿಯ ಗೋಡೆ ಕಲ್ಲಲ್ಲ, ಇಟ್ಟಿಗೆಯ ಮೇಲೆ ಬಳಿದ ಗಾರೆ. ಕಲ್ಲು ದುಬಾರಿಯಾದ್ದರಿಂದ ಇಟ್ಟಿಗೆಗೆ ಕಲ್ಲಿನ ವೇಷ ಹಾಕಿಸಿದರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇದನ್ನೇ ‘ಅಸಲಿ’ ಎಂದು ಪೂಜಿಸುವಾಗ ನನಗೆ ನಗು ಬರುತ್ತದೆ. ಮರದ ಕಿಟಕಿ ಇನ್ನೂರು ವರ್ಷ ಲಂಡನ್ನಿನ ಮಳೆಯಲ್ಲಿ ನೆನೆದಿದೆ; ನಡುವೆ ಬಡಗಿ ಬಂದಿರುವುದಿಲ್ಲವೇ?

ಕ್ಯೂಬಿಟ್ ಪಕ್ಕಾ ವ್ಯವಹಾರಸ್ಥ. ಬಡಗಿ, ಗಾರೆಯವ ಎಲ್ಲರನ್ನೂ ಕಾಯಂ ಸಂಬಳಕ್ಕಿಟ್ಟುಕೊಂಡು ಕಟ್ಟಡ ಕಟ್ಟಿಸಿದ ಮೊದಲಿಗರಲ್ಲಿ ಒಬ್ಬ. ಈ ಬೀದಿ ಇರುವ ಬ್ಲೂಮ್ಸ್‌ಬರಿ ಬಡಾವಣೆಯ ನೆಲ ಆಗ ಬೆಡ್‌ಫರ್ಡ್ ಡ್ಯೂಕರದು. ಅವರ ಗೇಣಿಪತ್ರಗಳು ಪ್ರತಿಷ್ಠಿತ ಚೌಕಗಳಲ್ಲಿ ಅಂಗಡಿಗೆ ಅವಕಾಶ ಕೊಡುತ್ತಿರಲಿಲ್ಲ. ದೊಡ್ಡವರ ಮುಂಬಾಗಿಲಿಗೆ ಕಾಣದ ಹಾಗೆ, ಅವರ ಮನೆಗೆ ದಿನಸಿ ಒದಗಿಸಲು ಮೂಲೆಯಲ್ಲೊಂದು ಬೀದಿ ಬೇಕಿತ್ತು. ಅಂದರೆ ಇದು ಹುಟ್ಟಿದ್ದು ನಿತ್ಯದ ಬಳಕೆಗೆ. ಇಂದು ಆ ಮುಖ ಹಾಗೇ ಇರಬೇಕೆಂದರೆ ಒಳಗೆ ಹೊಂದುವ ವ್ಯಾಪಾರ ಎಷ್ಟು? ಕಾಫಿ, ಪುಸ್ತಕ, ಉಡುಗೊರೆ. ಸೈಕಲ್ ರಿಪೇರಿಯವನಿಗೆ ಅಗಲವಾದ ಬಾಗಿಲು ಬೇಕು; ಗಾಲಿಕುರ್ಚಿಯವರಿಗೂ ಬೇಕು. ಒಂಟಿ ಗಾಜಿನ ಕಿಟಕಿ ಚಳಿಗಾಲದಲ್ಲಿ ಬಿಸಿಯನ್ನೆಲ್ಲ ಬೀದಿಗೆ ಚೆಲ್ಲುತ್ತದೆ. ಜೋಡಿ ಗಾಜು ಹಾಕಲು ಹೊರಟರೆ ಅನುಮತಿಗೆ ಅರ್ಜಿ ಹಿಡಿದು ನಿಲ್ಲಬೇಕು.

ಕವಿ ಡಬ್ಲ್ಯೂ. ಬಿ. ಯೇಟ್ಸ್ 1895ರಿಂದ 1919ರವರೆಗೆ ಇಲ್ಲಿನ ಮಾಳಿಗೆಯಲ್ಲಿ ಬಾಡಿಗೆಗಿದ್ದರು. ಟ್ಯಾಗೋರರ ಇಂಗ್ಲಿಷ್ ಗೀತಾಂಜಲಿಗೆ ಅವರು ಮುನ್ನುಡಿ ಬರೆದ 1912ರಲ್ಲೂ ಅವರ ಲಂಡನ್ ವಿಳಾಸ ಇದೇ. ಜನ ಈಗಲೂ ಬಂದು ಫೋಟೊ ತೆಗೆದುಕೊಳ್ಳುತ್ತಾರೆ, ಸರಿ. ಆದರೆ ಕೈ ಬಿಗಿಯಾಗಿದ್ದ ಕವಿಯೊಬ್ಬ ಲಂಡನ್ನಿನ ನಡುಮಧ್ಯದಲ್ಲಿ ಇಪ್ಪತ್ತನಾಲ್ಕು ವರ್ಷ ಕಳೆಯಲು ಸಾಧ್ಯವಾದದ್ದು ಆಗ ಇದು ಯಾರೂ ಪೂಜಿಸದ ಬೀದಿಯಾಗಿದ್ದರಿಂದ.