ಹೊಕ್ಕಳದಾಗ ಒಂದೇ ತೂತು ಅಂದ್ರ ಒಳಗ ಗಾಯ ಇಲ್ಲ ಅಂತಲ್ಲ

ಕಲಬುರಗಿ ಕಡೆ ವಾಟ್ಸಾಪ್ ಗ್ರೂಪ್‌ನಾಗ ಒಂದು ಫಾರ್ವರ್ಡ್ ಓಡಾಡ್ಲಿಕತ್ತದ, ಹೊಕ್ಕಳದಾಗ ಒಂದೇ ತೂತು ಹಾಕಿ ಗರ್ಭಕೋಶ ತೆಗಿತಾರ, ಒಳಗ ಹೊಲಿಗೇನೇ ಇರಲ್ಲ, ಮೂರನೇ ದಿನ ತೊಗರಿ ಹೊಲಕ್ಕ ಹೋಗಬಹುದು ಅಂತ. ಅರ್ಧ ಖರೆ, ಅರ್ಧ ಸುಳ್ಳು.

ತೂತು ಒಂದೇ ಇರೋದು ಖರೆ. ಸಾಮಾನ್ಯ ಲ್ಯಾಪ್ರೋಸ್ಕೋಪಿಗೆ (ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಮಾಡೋ ಆಪರೇಷನ್‌ಗೆ) ಹೊಟ್ಟಿ ಮ್ಯಾಲ 3-4 ತೂತು ಹಾಕ್ತಾರ, ಇದ್ರಾಗ ಹೊಕ್ಕಳದಾಗೇ ಸುಮಾರು 2 ಸೆಂಟಿಮೀಟರ್ ಕೊಯ್ದು ಕ್ಯಾಮೆರಾ, ಉಪಕರಣ ಎಲ್ಲಾ ಅಲ್ಲಿಂದನೇ ಇಳಿಸ್ತಾರ, ಕಲೆ ಅಷ್ಟಾಗಿ ಕಾಣಲ್ಲ. ಆದ್ರ ಗರ್ಭಕೋಶ ಪೂರಾ ತೆಗೆದ ಮ್ಯಾಲ ಯೋನಿ ಮ್ಯಾಲಿನ ತುದಿಗೆ ಹೊಲಿಗೆ ಹಾಕ್ಲೇಬೇಕು, ಆ ಹೊಲಿಗೆ ಮಾಯೋಕೆ ವಾರಗಟ್ಲೆ ಬೇಕು, ಹೊರಗಿನ ಗಾಯ ಎಷ್ಟೇ ಸಣ್ಣದಿರ್ಲಿ. ಅದಕ್ಕೇ ಸುಮಾರು 6 ವಾರ ತುಂಬಿದ ಕೊಡ ಎತ್ತಬ್ಯಾಡ್ರಿ, ಗಂಡ-ಹೆಂಡ್ತಿ ಕೂಡೋದೂ ಡಾಕ್ಟರ್ ಹೇಳೋತನಕ ಬ್ಯಾಡ. ರಕ್ತ ಜಾಸ್ತಿ ಹೋದ್ರ, ಜ್ವರ ಬಂದ್ರ ತಡಾ ಮಾಡಬ್ಯಾಡ್ರಿ.

ಗರ್ಭಕೋಶದಾಗಿನ ಗಡ್ಡೆ ಭಾಳ ದೊಡ್ಡದಿದ್ರ, ಹಿಂದಿನ ಆಪರೇಷನ್‌ನಿಂದ ಒಳಗ ಅಂಟಿಕೊಂಡಿದ್ರ ಈ ವಿಧಾನ ಎಲ್ಲರಿಗೂ ಆಗಲ್ಲ.

ನನಗ ಹೆಚ್ಚು ಚಿಂತಿ ಅನ್ಸೋದು ಬ್ಯಾರೆ. ನಮ್ಮ ಜಿಲ್ಲೆದಾಗ ತಾಂಡಾದ ಹೆಣ್ಮಕ್ಳಿಗೆ ಬೇಕಿಲ್ಲದ ಗರ್ಭಕೋಶದ ಆಪರೇಷನ್ ಮಾಡ್ಯಾರ ಅಂತ ದೊಡ್ಡ ಹೋರಾಟನೇ ಆಗಿತ್ತು. ಸರಳ ಆಪರೇಷನ್ ಅಂದಕೂಡ್ಲೆ ಹ್ಞೂಂ ಅನ್ನಬ್ಯಾಡ್ರಿ, ಮುಟ್ಟಿನ ರಕ್ತಸ್ರಾವ ಭಾಳ ಮಂದಿಗೆ ಗುಳಿಗಿ ಇಲ್ಲಾ ಗರ್ಭಕೋಶದಾಗ ಇಡೋ ಹಾರ್ಮೋನ್ ಇರೋ ವಂಕಿಯಿಂದನೇ ಕಡಿಮಿ ಆಗ್ತದ. ಅಂಡಾಶಯ ಉಳಿಸ್ತೀರೋ ತೆಗಿತೀರೋ ಅಂತ ಮೊದ್ಲೇ ಕೇಳ್ರಿ, ಇನ್ನೊಬ್ಬ ಡಾಕ್ಟರ್‌ಗೂ ರಿಪೋರ್ಟ್ ತೋರಿಸ್ರಿ.